ಡ್ರೈವ್‌ಗಳಿಗೆ ಅಕ್ಷರ ಕೊಟ್ಟ ಗ್ಯಾರಿ ಕಿಲ್ಡಾಲ್

ಒಂದು ಎಸ್‌ಎಸ್‌ಡಿ, ಜೊತೆಗೊಂದು ಹಾರ್ಡ್ ಡಿಸ್ಕ್ ಇರೋ ಕಂಪ್ಯೂಟರಿಗೆ ವಿಂಡೋಸ್ ಮತ್ತೆ ಹಾಕೋಕೆ ಕೂತವರಿಗೆಲ್ಲ ಒಂದೇ ಭಯ: ಪ್ರಾಜೆಕ್ಟು, ಫೋಟೋ ಎಲ್ಲ ತುಂಬಿರೋ ಡಿಸ್ಕು ಅಳಿಸಿಹೋದರೆ ಗತಿಯೇನು? ದಿನಾ ನೋಡುವ ಸಿ, ಡಿ ಅನ್ನೋ ಅಕ್ಷರಗಳು ಸೆಟಪ್ ಪರದೆಯಲ್ಲಿ ಇರೋದಿಲ್ಲ. ಡಿಸ್ಕ್ 0, ಡಿಸ್ಕ್ 1 ಅಂತಷ್ಟೇ ಇರುತ್ತೆ. ಆ ಅಕ್ಷರಗಳನ್ನು ಪುಟ್ಟ ಕಂಪ್ಯೂಟರುಗಳಿಗೆ ತಂದವರು ಗ್ಯಾರಿ ಕಿಲ್ಡಾಲ್. ಈ ಹೆಸರು ಕೇಳಿದ ಕೆಲವರಿಗೂ ನೆನಪಿರೋದು ವಿಮಾನದ ಕಥೆ ಮಾತ್ರ. ಅದು ಆಮೇಲೆ ಬರುತ್ತೆ.

ಗ್ಯಾರಿ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಮನೆತನದವರು ಅಲ್ಲಿ ಹಡಗು ನಡೆಸುವ ವಿದ್ಯೆ ಕಲಿಸುವ ಶಾಲೆ ನಡೆಸುತ್ತಿದ್ದರು. ಇವರಿಗೂ ಗಣಿತದ ಮೇಷ್ಟ್ರಾಗುವ ಆಸೆ ಇತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರಿನ ರುಚಿ ಹತ್ತಿತು. ನೌಕಾಪಡೆಯ ಸೇವೆಗೆಂದು ಕ್ಯಾಲಿಫೋರ್ನಿಯಾದ ಮಾಂಟೆರೆಗೆ ಹೋಗಿ ಅಲ್ಲಿನ ನೌಕಾ ಸ್ನಾತಕೋತ್ತರ ಶಾಲೆಯಲ್ಲಿ ಪಾಠ ಮಾಡಿದರು. 1972ರಲ್ಲಿ ಪಿಎಚ್.ಡಿ. ಆಯಿತು. ಕಂಪೈಲರ್ ಪೇಪರಿನಲ್ಲಿ ಡೇಟಾ ಫ್ಲೋ ಅನಾಲಿಸಿಸ್ ಓದಿ ತಲೆ ಕೆಡಿಸಿಕೊಂಡವರು ಗಮನಿಸಿ, ಅದರ ಬುನಾದಿ ಹಾಕಿದ್ದರಲ್ಲೂ ಇವರದೇ ಕೈ ಇದೆ.

ಇಂಟೆಲ್ ಆಗಷ್ಟೇ 4004 ಚಿಪ್ ಬಿಟ್ಟಿತ್ತು. ಗ್ಯಾರಿ ಅದನ್ನು ತಂದು ಆಡಿಸುತ್ತಾ, ಕೊನೆಗೆ ಇಂಟೆಲ್‌ಗೇ ಸಲಹೆಗಾರರಾಗಿ ಪಿಎಲ್/ಎಂ ಭಾಷೆ ಮಾಡಿಕೊಟ್ಟರು. ಆಮೇಲೆ ಒಂದು ಎಂಟು ಇಂಚಿನ ಫ್ಲಾಪಿ ಡ್ರೈವ್ ಕೈಗೆ ಬಂತು, ಆದರೆ ಅದನ್ನು ಚಿಪ್ಪಿಗೆ ಜೋಡಿಸುವ ಕಂಟ್ರೋಲರ್ ಇರಲಿಲ್ಲ. ಗೆಳೆಯ ಜಾನ್ ಟೊರೋಡ್ ಅದನ್ನು ಕಟ್ಟಿಕೊಟ್ಟರು. 1974ರಲ್ಲಿ ಗ್ಯಾರಿ ಬರೆದ ಸಿಪಿ/ಎಂ ಅದರ ಮೇಲೆ ಓಡಿತು. ಇಂಟೆಲ್‌ಗೆ ಅದು ಬೇಕಿರಲಿಲ್ಲ. ಹಾಗಾಗಿ ಗ್ಯಾರಿ ಮತ್ತು ಹೆಂಡತಿ ಡೊರೊತಿ ಸೇರಿ ತಾವೇ ಡಿಜಿಟಲ್ ರಿಸರ್ಚ್ ಕಂಪನಿ ತೆರೆದರು. ಮೊದಲು ಇಟ್ಟ ಹೆಸರಿನಲ್ಲಿ ಇಂಟರ್‌ಗ್ಯಾಲಾಕ್ಟಿಕ್ ಅಂತಲೂ ಇತ್ತು!

ಆ ಕಾಲದಲ್ಲಿ ಒಂದೊಂದು ಕಂಪನಿಯ ಯಂತ್ರವೂ ಒಂದೊಂದು ಥರ. ಇಮ್ಸಾಯ್ ಕಂಪನಿಯವರು ತಮ್ಮ ಯಂತ್ರಕ್ಕೆ ಸಿಪಿ/ಎಂ ಕೇಳಿದಾಗ, ಪ್ರತಿ ಸಲ ಇಡೀ ಪ್ರೋಗ್ರಾಮಿಗೆ ಕೈ ಹಾಕುವುದು ಗ್ಯಾರಿಗೆ ಸಾಕಾಯಿತು. ಹಾರ್ಡ್‌ವೇರ್ ಜೊತೆ ಮಾತಾಡೋ ಭಾಗವನ್ನಷ್ಟೇ ಬೇರೆ ತೆಗೆದು ಅದಕ್ಕೆ ಬಯಾಸ್ ಅಂತ ಹೆಸರಿಟ್ಟರು. ಹೊಸ ಯಂತ್ರ ಬಂದರೆ ಬಯಾಸ್ ಬದಲಿಸಿದರೆ ಸಾಕು, ಉಳಿದದ್ದು ಹಾಗೇ ಇರುತ್ತೆ. ನನ್ನ ಲೆಕ್ಕದಲ್ಲಿ ಗ್ಯಾರಿಯವರ ದೊಡ್ಡ ಕೆಲಸ ಇದೇ.

ಎರಡನೆಯದು ಡ್ರೈವ್‌ಗಳ ವ್ಯವಸ್ಥೆ. ಐಬಿಎಂನ ದೊಡ್ಡ ಯಂತ್ರಗಳಲ್ಲಿ ಡಿಸ್ಕಿಗೆ ಅಕ್ಷರ ಕೊಡುವ ರೂಢಿ ಮೊದಲೇ ಇತ್ತು. ಗ್ಯಾರಿ ಅದನ್ನು ಎ, ಬಿ ಅಂತ ಫ್ಲಾಪಿಗಳಿಗೆ ತಂದರು. ಸಿಸ್ಟಮ್ ಇರುತ್ತಿದ್ದದ್ದು ಫ್ಲಾಪಿಯ ಮೊದಲ ಟ್ರ್ಯಾಕುಗಳಲ್ಲಿ, ಫೈಲುಗಳಿಂದ ದೂರ. ಸಿಸ್ಟಮ್ ಕೆಟ್ಟರೆ ಸಿಸ್‌ಜೆನ್ ಅನ್ನೋ ಪ್ರೋಗ್ರಾಮ್ ಓಡಿಸಬೇಕು. ಯಾವ ಡ್ರೈವಿನಿಂದ ಓದಲಿ, ಯಾವುದಕ್ಕೆ ಬರೆಯಲಿ ಅಂತ ಕೇಳಿಕೊಂಡು ಅದು ಆ ಟ್ರ್ಯಾಕುಗಳನ್ನಷ್ಟೇ ಹೊಸದಾಗಿ ಬರೆಯುತ್ತಿತ್ತು, ಫೈಲುಗಳ ತಂಟೆಗೆ ಹೋಗುತ್ತಿರಲಿಲ್ಲ. ಡ್ರೈವಿನಲ್ಲಿದ್ದ ಫ್ಲಾಪಿಯನ್ನು ಹೇಳದೆ ಬದಲಿಸಿದರೆ, ಇದು ಬೇರೆ ಡಿಸ್ಕು ಅಂತ ಗುರುತಿಸಿ ಬರೆಯಲು ಒಪ್ಪುತ್ತಲೂ ಇರಲಿಲ್ಲ.

ಇವತ್ತಿನ ಸೆಟಪ್‌ನಲ್ಲಿ ಈ ಎಚ್ಚರ ನಮ್ಮ ಮೇಲೇ ಬಿದ್ದಿದೆ. ಅಕ್ಷರ ಡಿಸ್ಕಿನ ಮೈಮೇಲೆ ಅಚ್ಚಾಗಿರೋದಲ್ಲ, ಓಡುತ್ತಿರೋ ಸಿಸ್ಟಮ್ ಕೊಡೋದು. ಸೆಟಪ್ ಓಡುವಾಗ ಅದು ಬೇರೆಯೇ ಸಿಸ್ಟಮ್, ಆದ್ದರಿಂದ ಸಿ ಅನ್ನೋದು ಬೇರೆ ಡಿಸ್ಕಿಗೆ ಹೋಗಿರಬಹುದು. ಅಳತೆ ನೋಡಿ ಡಿಸ್ಕು ಗುರುತಿಸಬೇಕು. ವಿಂಡೋಸ್ ಒಂದು ಡಿಸ್ಕಿಗೆ ಹೋಗಿ, ಬೂಟ್ ಫೈಲುಗಳು ಇನ್ನೊಂದರಲ್ಲಿದ್ದ ಇಎಫ್‌ಐ ಪಾರ್ಟಿಷನ್‌ನಲ್ಲಿ ಕೂರೋದೂ ಉಂಟು. ಆಮೇಲೆ ಆ ಡಿಸ್ಕು ತೆಗೆದರೆ ಕಂಪ್ಯೂಟರ್ ಏಳೋದೇ ಇಲ್ಲ. ಪವರ್ ಆಫ್ ಮಾಡಿ, ಬೇಡದ ಡಿಸ್ಕಿನ ಕೇಬಲ್ ಬಿಚ್ಚಿಟ್ಟು ಹಾಕಿದರೆ ಎರಡೂ ತೊಂದರೆ ಇಲ್ಲ.

ಈಗ ವಿಮಾನದ ಕಥೆ. 1980ರಲ್ಲಿ ಐಬಿಎಂನವರು ತಮ್ಮ ಹೊಸ ಪಿಸಿಗೆ ಆಪರೇಟಿಂಗ್ ಸಿಸ್ಟಮ್ ಹುಡುಕಿಕೊಂಡು ಇವರ ಊರು ಪೆಸಿಫಿಕ್ ಗ್ರೋವ್‌ಗೆ ಬಂದರು. ಗ್ಯಾರಿ ಆಗ ತಮ್ಮ ವಿಮಾನದಲ್ಲಿ ಒಬ್ಬ ಗಿರಾಕಿಯ ಹತ್ತಿರ ಹೋಗಿದ್ದರು, ಮೋಜಿಗಲ್ಲ, ಕೆಲಸದ ಮೇಲೇ. ವ್ಯವಹಾರ ನೋಡಿಕೊಳ್ಳುತ್ತಿದ್ದ ಡೊರೊತಿ, ಐಬಿಎಂ ತಂದ ಗೌಪ್ಯತೆ ಕರಾರು ಒಂದೇ ಕಡೆಗೆ ವಾಲಿದೆ ಅಂತ ಸಹಿ ಹಾಕಲಿಲ್ಲ. ಅವತ್ತು ವ್ಯವಹಾರ ಕುದುರಲಿಲ್ಲ. ಐಬಿಎಂ ಮೈಕ್ರೋಸಾಫ್ಟಿನ ಕಡೆ ತಿರುಗಿತು. ಮೈಕ್ರೋಸಾಫ್ಟ್, ಟಿಮ್ ಪ್ಯಾಟರ್ಸನ್ ಅವರು ಸಿಪಿ/ಎಂ ಮಾದರಿಯಲ್ಲೇ ಬರೆದಿದ್ದ ಸಿಸ್ಟಮನ್ನು ಕೊಂಡು ಡಾಸ್ ಮಾಡಿತು. ಗ್ಯಾರಿ ತಕರಾರು ಎತ್ತಿದ ಮೇಲೆ ಸಿಪಿ/ಎಂ-86 ಅನ್ನೂ ಮಾರಲು ಐಬಿಎಂ ಒಪ್ಪಿತು, ಆದರೆ ಡಾಸ್‌ಗೆ 40 ಡಾಲರ್, ಇದಕ್ಕೆ 240. ಯಾರು ಕೊಳ್ಳುತ್ತಾರೆ ಹೇಳಿ? ಎ, ಬಿ ಅಕ್ಷರಗಳು ಮಾತ್ರ ಡಾಸ್‌ಗೂ ಹೋದವು. ಎರಡೂ ಫ್ಲಾಪಿಗೆ ಮೀಸಲಾಗಿದ್ದರಿಂದ 1983ರ ಪಿಸಿ ಎಕ್ಸ್‌ಟಿಯಲ್ಲಿ ಹಾರ್ಡ್ ಡಿಸ್ಕಿಗೆ ಸಿ ಸಿಕ್ಕಿತು.

ಗ್ಯಾರಿ ಆಮೇಲೂ ಸುಮ್ಮನೆ ಕೂರಲಿಲ್ಲ. 1985ರಲ್ಲಿ ಇಡೀ ವಿಶ್ವಕೋಶವೊಂದನ್ನು ಸಿಡಿ-ರಾಮ್‌ಗೆ ಇಳಿಸಿದ್ದು ಇವರ ಇನ್ನೊಂದು ಕಂಪನಿ. ಕಂಪ್ಯೂಟರ್ ಕ್ರಾನಿಕಲ್ಸ್ ಅನ್ನೋ ಟಿವಿ ಕಾರ್ಯಕ್ರಮವನ್ನೂ ಹಲವು ವರ್ಷ ನಡೆಸಿಕೊಟ್ಟರು. ಡಿಜಿಟಲ್ ರಿಸರ್ಚ್ 1991ರಲ್ಲಿ ನೋವೆಲ್ ಪಾಲಾಯಿತು. ದುಡ್ಡಿಗೆ ಕೊರತೆ ಇರಲಿಲ್ಲ, ಆದರೆ ಹೋದಲ್ಲೆಲ್ಲ ಜನ ಅದೇ ವಿಮಾನದ ಕಥೆ ಕೇಳೋರು, ಅದು ಅವರನ್ನು ಕೊರೆಯುತ್ತಿತ್ತು. ಕೊನೆಯ ವರ್ಷಗಳಲ್ಲಿ ಕುಡಿತ ಹೆಚ್ಚಾಯಿತು. ಮಾಂಟೆರೆಯ ಬಾರೊಂದರಲ್ಲಿ ತಲೆಗೆ ಪೆಟ್ಟಾಗಿ, ಮೂರು ದಿನಗಳ ನಂತರ 1994ರ ಜುಲೈ 11ರಂದು ತೀರಿಕೊಂಡರು. ವಯಸ್ಸು 52. ಇಪ್ಪತ್ತು ವರ್ಷ ಕಳೆದ ಮೇಲೆ, 2014ರಲ್ಲಿ, ಪೆಸಿಫಿಕ್ ಗ್ರೋವ್‌ನಲ್ಲಿ ಅವರು ಕೆಲಸ ಮಾಡುತ್ತಿದ್ದ ಕಟ್ಟಡದ ಎದುರು ಐಇಇಇ ಸಂಸ್ಥೆಯವರು ಸಿಪಿ/ಎಂ ನೆನಪಿಗೆ ಒಂದು ಫಲಕ ಹಾಕಿದರು.