ಮಣ್ಣಿನ ಹೆಸರು ಕೇಳಿದ ಬುಕಾನನ್

ನಿಮ್ಮ ಮಧುಗಿರಿ, ಶಿರಾ ಸೀಮೆಯ ಬೇಸಾಯವನ್ನು ಕಂಡು ಬರೆದಿಟ್ಟವರಲ್ಲಿ ಡಾ. ಫ್ರಾನ್ಸಿಸ್ ಬುಕಾನನ್ ಮುಖ್ಯರು. 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ವೈದ್ಯರಾಗಿ, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿದರು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯವರ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದರು. ಗೆದ್ದ ನಾಡಿನ ಉತ್ಪತ್ತಿ ತಿಳಿಯುವುದು ಕಂಪನಿಯ ಉದ್ದೇಶ. ಅದಕ್ಕಾಗಿ ಬುಕಾನನ್ ರೈತರನ್ನೇ ವಿಚಾರಿಸಿದರು. ಎರೆ, ಕೆಬ್ಬೆ, ಮರಳು ಎಂದು ಅವರು ಕರೆಯುತ್ತಿದ್ದ ಹೆಸರುಗಳನ್ನೂ ಒಗ್ಗುವ ಬೆಳೆಗಳನ್ನೂ ಬರೆದುಕೊಂಡರು. ಆ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ 3 ಸಂಪುಟಗಳಾಗಿ ಅಚ್ಚಾಯಿತು. 1829ರಲ್ಲಿ ಅವರು ತೀರಿಕೊಂಡರು.

ಅವರ ಬಳಿ ಮಣ್ಣಿನ ಪ್ರಯೋಗಾಲಯವಾಗಲಿ, ವರ್ಷಗಟ್ಟಲೆಯ ಮಳೆ ಲೆಕ್ಕವಾಗಲಿ ಇರಲಿಲ್ಲ. ಇಂದು ವಿಜ್ಞಾನಿಗಳು ಗುಂಡಿ ತೋಡಿ, ಪದರ ಪದರವಾಗಿ ಜೇಡಿಯ ಪ್ರಮಾಣ, ರಸಸಾರ ಅಳೆದು, ಮಳೆ ಮತ್ತು ಉಷ್ಣತೆಯ ಅಂಕಿಗಳನ್ನು ಕೂಡಿಸಿ ಮಣ್ಣನ್ನು ವರ್ಗೀಕರಿಸುತ್ತಾರೆ. ಕೊರಟಗೆರೆಯಲ್ಲೂ ಪಾವಗಡದಲ್ಲೂ ಕೆಂಪು ಮಣ್ಣಿದೆ. ಬಣ್ಣ ನೋಡಿ ಎರಡೂ ಒಂದೇ ಎನ್ನಬೇಡಿ. ಪಾವಗಡದಲ್ಲಿ ಮಳೆ ಕಡಿಮೆ. ಮಣ್ಣಿನ ಆಳ, ಕೆಳಪದರದ ಜೇಡಿ ಬೇರೆಯಾದರೆ ತೇವ ನಿಲ್ಲುವ ದಿನಗಳೂ ಬೇರೆ. ಮಳೆ ಕೈಕೊಟ್ಟಾಗ ಕಡಲೆಕಾಯಿ ಉಳಿಯುವುದು ಆ ತೇವದಿಂದಲೇ.

ಮಣ್ಣು ಪರೀಕ್ಷೆಗೆ ಕೊಡುವಾಗ ನಿಮ್ಮೂರಿನಲ್ಲಿ ಆ ಮಣ್ಣಿಗೆ ಕರೆಯುವ ಹೆಸರನ್ನೂ ಅದರ ಆಳವನ್ನೂ ಚೀಟಿಯಲ್ಲಿ ತಪ್ಪದೆ ಬರೆಯಿರಿ.