ವಾಲ್ಟರ್ ಸ್ಕಾಟ್

ಸರ್ ವಾಲ್ಟರ್ ಸ್ಕಾಟ್ (15 ಆಗಸ್ಟ್ 1771 – 21 ಸೆಪ್ಟೆಂಬರ್ 1832) ಸ್ಕಾಟ್‌ಲೆಂಡಿನ ಪ್ರಸಿದ್ಧ ಕವಿ, ಕಾದಂಬರಿಕಾರ ಹಾಗೂ ನ್ಯಾಯವಾದಿ. ಐತಿಹಾಸಿಕ ಕಾದಂಬರಿ ಎಂಬ ಸಾಹಿತ್ಯಪ್ರಕಾರಕ್ಕೆ ಖಚಿತವಾದ ರೂಪ ಕೊಟ್ಟವನೆಂದು ಈತನನ್ನು ಪರಿಗಣಿಸಲಾಗಿದೆ. ನೈಟ್‌ಗಳೆಂದು ಕರೆಯಲಾಗುವ ಮಧ್ಯಯುಗದ ಕವಚಧಾರಿ ವೀರರ ಕಥೆಗಳು ಆಧುನಿಕ ಓದುಗರಲ್ಲಿ ಜನಪ್ರಿಯವಾಗಲು ಈತನ ಐವನ್‌ಹೋ ಕಾದಂಬರಿ ಬಹುಮಟ್ಟಿಗೆ ಕಾರಣವಾಯಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸ್ಕಾಟ್ ಹುಟ್ಟಿದ್ದು ಎಡಿನ್‌ಬರೋ ನಗರದಲ್ಲಿ. ತಂದೆ ವಕೀಲ, ತಾಯಿ ಆನ್ ರುದರ್‌ಫರ್ಡ್ ವೈದ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರ ಮಗಳು. ಮಗು ಒಂದೂವರೆ ವರ್ಷದ್ದಾಗಿದ್ದಾಗ ಪೋಲಿಯೊ ರೋಗ ತಗುಲಿ ಬಲಗಾಲು ಶಾಶ್ವತವಾಗಿ ಊನವಾಯಿತು. ಹಳ್ಳಿಯ ಗಾಳಿಯಿಂದ ಆರೋಗ್ಯ ಸುಧಾರಿಸಬಹುದೆಂದು ಆತನನ್ನು ಗಡಿನಾಡಿನ ಸ್ಯಾಂಡಿನೋ ಎಂಬಲ್ಲಿದ್ದ ಅಜ್ಜನ ಹೊಲಮನೆಗೆ ಕಳುಹಿಸಲಾಯಿತು. ಸಮೀಪದಲ್ಲೇ ಸ್ಮೇಲ್‌ಹೋಮ್ ಎಂಬ ಹಳೆಯ ಕೋಟೆಗೋಪುರವಿತ್ತು. ಸೋದರತ್ತೆ ಜೆನ್ನಿ ಓದಲು ಕಲಿಸಿದಳು. ಗಡಿಕಾಳಗಗಳ ಲಾವಣಿಗಳನ್ನೂ ಕಥೆಗಳನ್ನೂ ಹೇಳಿದಳು. ಮುಂದಿನ ಬರವಣಿಗೆಗೆಲ್ಲ ಇದೇ ಬುನಾದಿಯಾಯಿತು.

ಎಡಿನ್‌ಬರೋದ ಹೈಸ್ಕೂಲಿನಲ್ಲಿ ಕಲಿತು, ಹನ್ನೆರಡನೆಯ ವಯಸ್ಸಿಗೇ ವಿಶ್ವವಿದ್ಯಾಲಯ ಸೇರಿದ ಸ್ಕಾಟ್, ತಂದೆಯ ಕಚೇರಿಯಲ್ಲಿ ತರಬೇತಿ ಪಡೆದು 1792ರಲ್ಲಿ ನ್ಯಾಯವಾದಿಯಾದ. 1797ರಲ್ಲಿ ಫ್ರೆಂಚ್ ಮೂಲದ ಶಾರ್ಲಟ್ ಕಾರ್ಪೆಂಟರಳನ್ನು ವಿವಾಹವಾದ. 1799ರಲ್ಲಿ ಸೆಲ್ಕರ್ಕ್ ಪ್ರಾಂತ್ಯದ ಷೆರಿಫ್ ಅಧಿಕಾರಿಯಾದ.

ಕಾವ್ಯದಿಂದ ಕಾದಂಬರಿಗೆ

ಗಡಿನಾಡಿನಲ್ಲಿ ಸುತ್ತಾಡಿ ಬಾಯಿಂದ ಬಾಯಿಗೆ ಬಂದ ಲಾವಣಿಗಳನ್ನು ಸಂಗ್ರಹಿಸಿ 1802–03ರಲ್ಲಿ ಪ್ರಕಟಿಸಿದ. ಜರ್ಮನಿಯ ವೀರನೊಬ್ಬನನ್ನು ಕುರಿತ ಗಯಟೆಯ ನಾಟಕವನ್ನು ಅದಕ್ಕೂ ಮೊದಲೇ ಇಂಗ್ಲಿಷಿಗೆ ಅನುವಾದಿಸಿದ್ದ. 1805ರಿಂದ 1810ರೊಳಗೆ ಬಂದ ದಿ ಲೇ ಆಫ್ ದಿ ಲಾಸ್ಟ್ ಮಿನ್‌ಸ್ಟ್ರೆಲ್, ಮಾರ್ಮಿಯನ್, ದಿ ಲೇಡಿ ಆಫ್ ದಿ ಲೇಕ್ ಎಂಬ ಕಥನಕಾವ್ಯಗಳು ಅಪಾರ ಕೀರ್ತಿ ತಂದವು. 1813ರಲ್ಲಿ ಆಸ್ಥಾನಕವಿಯ ಪದವಿ ಒದಗಿಬಂದಾಗ ಸ್ಕಾಟ್ ಅದನ್ನು ನಿರಾಕರಿಸಿದ.

1814ರಲ್ಲಿ ವೇವರ್ಲಿ ಎಂಬ ಮೊದಲ ಕಾದಂಬರಿ ಲೇಖಕನ ಹೆಸರಿಲ್ಲದೆ ಹೊರಬಂತು. 1745ರ ಜಾಕೋಬೈಟ್ ಬಂಡಾಯ ಅದರ ವಸ್ತು. ನಂತರದ ಕಾದಂಬರಿಗಳು ವೇವರ್ಲಿಯ ಲೇಖಕ ಎಂಬ ಹೆಸರಿನಲ್ಲಿ ಪ್ರಕಟವಾದವು. ಬಹುಮಂದಿ ಊಹಿಸಿದ್ದರೂ, ತಾನೇ ಕರ್ತೃವೆಂದು ಸ್ಕಾಟ್ ಬಹಿರಂಗವಾಗಿ ಒಪ್ಪಿಕೊಂಡದ್ದು 1827ರಲ್ಲಿ.

ಐವನ್‌ಹೋ ಮತ್ತು ಮಧ್ಯಯುಗದ ಕಥೆಗಳು

ಅಲ್ಲಿಯವರೆಗೆ ಸ್ಕಾಟ್‌ಲೆಂಡಿನ ಸಮೀಪದ ಇತಿಹಾಸವನ್ನೇ ಬರೆಯುತ್ತಿದ್ದ ಸ್ಕಾಟ್, 1819ರ ಡಿಸೆಂಬರಿನಲ್ಲಿ ಐವನ್‌ಹೋ ಪ್ರಕಟಿಸಿ ಹನ್ನೆರಡನೆಯ ಶತಮಾನದ ಇಂಗ್ಲೆಂಡಿನತ್ತ ತಿರುಗಿದ. ಈ ವಿಷಯಕ್ಕೆ ಸಿದ್ಧತೆ ಮೊದಲೇ ನಡೆದಿತ್ತು. ಪುರಾತನ ಸಂಶೋಧಕ ಜೋಸೆಫ್ ಸ್ಟ್ರಟ್ ಅಪೂರ್ಣವಾಗಿ ಬಿಟ್ಟುಹೋಗಿದ್ದ ಮಧ್ಯಯುಗದ ಕಾದಂಬರಿಯನ್ನು 1808ರಲ್ಲಿ ಪೂರ್ತಿಗೊಳಿಸಿದ್ದ ಆತ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಪುರವಣಿಗೆ ನೈಟ್‌ಗಳ ವೀರಧರ್ಮವನ್ನು ಕುರಿತು ಲೇಖನವನ್ನೂ ಬರೆದಿದ್ದ. ಆ ವರ್ಷ ತೀವ್ರವಾದ ಹೊಟ್ಟೆನೋವಿನಿಂದ ನರಳುತ್ತಿದ್ದುದರಿಂದ ಕಾದಂಬರಿಯ ಒಂದು ಭಾಗವನ್ನು ಇತರರಿಗೆ ಹೇಳಿ ಬರೆಯಿಸಿದ.

ಧರ್ಮಯುದ್ಧದಿಂದ ಮರಳಿದ ವಿಲ್‌ಫ್ರೆಡ್, ಆ್ಯಷ್ಬಿಯ ಪಂದ್ಯಾಟ, ಕೋಟೆಯ ಮುತ್ತಿಗೆ, ಗುಪ್ತವೇಷದ ರಾಜ ರಿಚರ್ಡ್, ಲಾಕ್‌ಸ್ಲಿ ಎಂಬ ಹೆಸರಿನ ರಾಬಿನ್‌ಹುಡ್ ಮೊದಲಾದವು ಕಥೆಯ ಮುಖ್ಯ ಆಕರ್ಷಣೆಗಳು. ಆದರೆ ಕೃತಿಯ ತೂಕವಿರುವುದು ರೆಬೆಕ್ಕಳ ಪಾತ್ರದಲ್ಲಿ. ಈ ಯಹೂದಿ ಯುವತಿ ರಣವೈಭವದಿಂದ ದೊರೆಯುವ ಕೀರ್ತಿಯ ಬೆಲೆಯನ್ನೇ ಪ್ರಶ್ನಿಸುತ್ತಾಳೆ; ಗಾಯಾಳುಗಳಿಗೆ ಚಿಕಿತ್ಸೆ ಮಾಡುವ ಆಕೆಯನ್ನೇ ಟೆಂಪ್ಲರ್ ನೈಟ್‌ಗಳು ಮಾಟಗಾತಿಯೆಂದು ವಿಚಾರಣೆಗೆ ಗುರಿಪಡಿಸುತ್ತಾರೆ. ಹೀಗೆ ವೀರಧರ್ಮದ ಹೊಳಪಿನೊಂದಿಗೆ ಅದರ ಕ್ರೌರ್ಯವೂ ಚಿತ್ರಿತವಾಗಿದೆ. ನಾಯಕ ರೆಬೆಕ್ಕಳನ್ನು ಬಿಟ್ಟು ರೊವೀನಾಳನ್ನು ಮದುವೆಯಾದದ್ದು ಅನೇಕ ಓದುಗರಿಗೆ ಹಿಡಿಸಲಿಲ್ಲ. 1066ರ ನಾರ್ಮನ್ ವಿಜಯದ ನಂತರ ಅಷ್ಟು ಕಾಲ ಕಳೆದರೂ ಸ್ಯಾಕ್ಸನ್–ನಾರ್ಮನ್ ದ್ವೇಷ ಅಷ್ಟು ಉಗ್ರವಾಗಿ ಉಳಿದಿತ್ತೆಂಬ ಚಿತ್ರಣವನ್ನು ಇತಿಹಾಸಕಾರರು ಒಪ್ಪಿಲ್ಲ.

ಹನ್ನೊಂದನೆಯ ಲೂಯಿಯ ಕಾಲದ ಕ್ವೆಂಟಿನ್ ಡರ್‌ವರ್ಡ್ (1823), ಮೂರನೆಯ ಧರ್ಮಯುದ್ಧವನ್ನು ಕುರಿತ ದಿ ಟ್ಯಾಲಿಸ್‌ಮನ್ (1825) ಇದೇ ಬಗೆಯ ಕೃತಿಗಳು. ಎರಡನೆಯದರಲ್ಲಿ ಸಲಾದಿನ್ ವೈದ್ಯನ ವೇಷದಲ್ಲಿ ಬಂದು ಶತ್ರುವಾದ ರಿಚರ್ಡನ ಕಾಯಿಲೆ ವಾಸಿಮಾಡುತ್ತಾನೆ; ಉದಾತ್ತತೆ ಒಂದೇ ಪಕ್ಷದ ಸೊತ್ತಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಸಾಲ ಮತ್ತು ಕೊನೆಯ ದಿನಗಳು

1820ರಲ್ಲಿ ಬ್ಯಾರೊನೆಟ್ ಪದವಿ ಪಡೆದ ಸ್ಕಾಟ್, ಟ್ವೀಡ್ ನದಿಯ ದಡದಲ್ಲಿ ಆ್ಯಬಟ್ಸ್‌ಫರ್ಡ್ ಎಂಬ ಭವ್ಯ ಮನೆ ಕಟ್ಟಿಸಿ ಹಳೆಯ ಆಯುಧ, ಕವಚಗಳನ್ನು ಅಲ್ಲಿ ಸಂಗ್ರಹಿಸಿದ. ಆದರೆ 1826ರ ಆರಂಭದಲ್ಲಿ ಪ್ರಕಾಶಕ ಕಾನ್‌ಸ್ಟಬಲ್ ಹಾಗೂ ತಾನೂ ಪಾಲುದಾರನಾಗಿದ್ದ ಬ್ಯಾಲಂಟೈನ್ ಮುದ್ರಣಾಲಯ ಕುಸಿದುಬಿದ್ದು, 1,20,000 ಪೌಂಡಿಗೂ ಮಿಕ್ಕಿದ ಸಾಲ ತಲೆಗೆ ಬಂತು. ದಿವಾಳಿ ಘೋಷಿಸಿಕೊಳ್ಳಲು ಒಪ್ಪದೆ, ತನ್ನ ಬರವಣಿಗೆಯ ಆದಾಯದಿಂದಲೇ ಸಾಲಗಾರರ ಹಣ ಹಿಂದಿರುಗಿಸಲು ಆತ ನಿರ್ಧರಿಸಿದ. ಅದೇ ವರ್ಷದ ಮೇ ತಿಂಗಳಲ್ಲಿ ಪತ್ನಿ ತೀರಿಕೊಂಡಳು. ಆದರೂ ಒಂಬತ್ತು ಸಂಪುಟಗಳ ನೆಪೋಲಿಯನ್ ಚರಿತ್ರೆ (1827) ಸೇರಿದಂತೆ ಹಲವು ಕೃತಿಗಳನ್ನು ರಚಿಸಿದ.

1827ರಲ್ಲೇ ಬಂದ ದಿ ಸರ್ಜನ್ಸ್ ಡಾಟರ್ ಎಂಬ ನೀಳ್ಗತೆಯ ಕೊನೆಯ ಭಾಗ ಮೈಸೂರು ರಾಜ್ಯದಲ್ಲಿ ನಡೆಯುತ್ತದೆ. ಹೈದರಾಲಿ, ಟಿಪ್ಪು ಸುಲ್ತಾನರು ಅದರಲ್ಲಿ ಪಾತ್ರಗಳು. ಸ್ಕಾಟ್ ಭಾರತಕ್ಕೆ ಎಂದೂ ಬಂದಿರಲಿಲ್ಲ.

ಅತಿಯಾದ ದುಡಿಮೆಯಿಂದ ಆರೋಗ್ಯ ಕೆಟ್ಟು ಪಾರ್ಶ್ವವಾಯು ಹೊಡೆಯಿತು. 1831ರಲ್ಲಿ ಸರ್ಕಾರ ಒದಗಿಸಿದ ಹಡಗಿನಲ್ಲಿ ಮಾಲ್ಟಾ, ಇಟಲಿಗಳಿಗೆ ಹೋಗಿಬಂದರೂ ಗುಣ ಕಾಣಲಿಲ್ಲ. ಮರುವರ್ಷ ಆ್ಯಬಟ್ಸ್‌ಫರ್ಡ್‌ನಲ್ಲಿ ನಿಧನನಾದ. ಡ್ರೈಬರೋ ಮಠದ ಅವಶೇಷಗಳ ನಡುವೆ ಸಮಾಧಿಯಿದೆ. ಉಳಿದ ಸಾಲ ಗ್ರಂಥಸ್ವಾಮ್ಯದ ಹಣದಿಂದ 1847ರ ವೇಳೆಗೆ ತೀರಿತು.

ಪ್ರಭಾವ

ಡೂಮಾ, ಹ್ಯೂಗೊ, ಬಾಲ್ಜಾಕ್, ಮಾಂಜೋನಿ, ಪುಷ್ಕಿನ್, ಕೂಪರ್ ಮೊದಲಾದವರು ಸ್ಕಾಟನಿಂದ ಪ್ರಭಾವಿತರಾದರು. 1839ರಲ್ಲಿ ಸ್ಕಾಟ್‌ಲೆಂಡಿನ ಎಗ್ಲಿಂಟನ್‌ನಲ್ಲಿ ಐವನ್‌ಹೋ ಮಾದರಿಯ ಪಂದ್ಯಾಟವನ್ನೇ ಏರ್ಪಡಿಸಲಾಯಿತು. ಭಾರಿ ಮಳೆಯಿಂದ ಅದು ಕೆಸರಾಟವಾಯಿತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹುಸಿ ವೀರಾಭಿಮಾನ ಬೆಳೆಯಲು ಸ್ಕಾಟನೇ ಕಾರಣನೆಂದು ಮಾರ್ಕ್ ಟ್ವೇನ್ ಕಟುವಾಗಿ ಟೀಕಿಸಿದ. ಹಂಗೇರಿಯ ವಿಮರ್ಶಕ ಲೂಕಾಚ್ ಮಾತ್ರ, ಸಾಮಾನ್ಯ ನಾಯಕನ ಮೂಲಕ ಎರಡು ಸಾಮಾಜಿಕ ಶಕ್ತಿಗಳ ಸಂಘರ್ಷವನ್ನು ತೋರಿಸಿದ್ದೇ ಸ್ಕಾಟನ ಹಿರಿಮೆಯೆಂದು ಗುರುತಿಸಿದ. ಭಾರತದಲ್ಲಿ ಬಂಕಿಮಚಂದ್ರರನ್ನು ಬಂಗಾಳದ ಸ್ಕಾಟ್ ಎಂದು ಕರೆಯಲಾಯಿತು. ಅವರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು. ಎಡಿನ್‌ಬರೋದಲ್ಲಿ ಸುಮಾರು 61 ಮೀಟರ್ ಎತ್ತರದ ಸ್ಕಾಟ್ ಸ್ಮಾರಕವಿದೆ. ನಗರದ ಮುಖ್ಯ ರೈಲು ನಿಲ್ದಾಣಕ್ಕೆ ವೇವರ್ಲಿ ಎಂಬ ಹೆಸರಿದೆ.