ಟಾಲ್‌ಸ್ಟಾಯರ ದಿನಚರ್ಯೆ

ರಷ್ಯಾ ದೇಶದ ಯಾಸ್ನಾಯ ಪೊಲ್ಯಾನದಲ್ಲಿ, ಸಿರಿವಂತ ಜಮೀನುದಾರರ ಮನೆತನದಲ್ಲಿ 1828ರಲ್ಲಿ ಜನಿಸಿದ ಲಿಯೋ ಟಾಲ್‌ಸ್ಟಾಯರು ತಾರುಣ್ಯದಲ್ಲಿ ಸಂಯಮಿಗಳಾಗಿರಲಿಲ್ಲ. ಸೈನ್ಯದಲ್ಲಿದ್ದ ಕಾಲಕ್ಕೆ ಕುಡಿತ, ಜೂಜು, ವಿಲಾಸಗಳು ಅವರನ್ನು ಬಿಡದೆ ಅಂಟಿಕೊಂಡಿದ್ದುವು. ತಾವು ಹುಟ್ಟಿದ ಮನೆಯೇ 1854ರಲ್ಲಿ ಮಾರಾಟವಾಯಿತು. ಕೊಂಡವನು ಅದನ್ನು ಕಳಚಿ ಸಾಗಿಸಿದನು. ಬಂದ ಹಣ ಜೂಜಿನ ಪಾಲಾಯಿತು.

ಮುಂದೆ ವಿವಾಹ, ಮಕ್ಕಳು, 'ಯುದ್ಧ ಮತ್ತು ಶಾಂತಿ', 'ಅನ್ನಾ ಕರೆನಿನಾ' ಕಾದಂಬರಿಗಳಿಂದ ಲೋಕವಿಖ್ಯಾತಿ. ಇಷ್ಟೆಲ್ಲ ಕೈಗೂಡಿದ ಮೇಲೆ, ವಯಸ್ಸು ಐವತ್ತರ ಹತ್ತಿರ ಬಂದಾಗ, ಈ ಬದುಕಿಗೆ ಅರ್ಥವೇನೆಂಬ ಪ್ರಶ್ನೆ ಅವರನ್ನು ಹಗಲಿರುಳು ಸುಡತೊಡಗಿತು. ಆ ತಳಮಳದಿಂದಲೇ 1880ರ ದಶಕದಲ್ಲಿ ಅವರು ಮದ್ಯವನ್ನೂ ಮಾಂಸವನ್ನೂ ತ್ಯಜಿಸಿದರು. ಹೊಗೆಸೊಪ್ಪು ಮಾತ್ರ ಸುಲಭವಾಗಿ ಬಿಡಲಿಲ್ಲ. ಹಲವು ಸಲ ಬಿಟ್ಟು, ಹಲವು ಸಲ ಹಿಡಿದು, 1888ರ ಸುಮಾರಿಗೆ ಅದೂ ತೊಲಗಿತು.

ಚಟವನ್ನು ಬಿಡುವುದು ಒಂದು ಕಷ್ಟ; ಅದು ಬಿಟ್ಟುಹೋದ ವೇಳೆಯನ್ನು ತುಂಬುವುದು ಮತ್ತೊಂದು ಕಷ್ಟ. ಅಂದಿನ ಸಿರಿವಂತರ ಸಂಜೆಯೆಂದರೆ ಔತಣ, ಮದ್ಯದ ಬಟ್ಟಲು, ಇಸ್ಪೀಟು, ಹೊಗೆ. ಇವನ್ನು ತೆಗೆದರೆ ಉಳಿಯುವುದು ಬರಿದಾದ ಗಂಟೆಗಳು. ಟಾಲ್‌ಸ್ಟಾಯರು ಅವನ್ನು ದುಡಿಮೆಯಿಂದ ತುಂಬಿದರು. 1886ರಲ್ಲಿ ಮುಗಿಸಿದ ಗ್ರಂಥವೊಂದರಲ್ಲಿ ಅವರು ಮನುಷ್ಯನ ದಿನವನ್ನು ಊಟದ ಹೊತ್ತುಗಳಿಗೆ ಅನುಸಾರವಾಗಿ ನಾಲ್ಕು ಪಾಲು ಮಾಡಿದ್ದಾರೆ: ಮೈ ಬೆವರಿಳಿಯುವ ಕೆಲಸಕ್ಕೆ ಒಂದು, ಬೆರಳುಗಳ ಕುಶಲಕಾರ್ಯಕ್ಕೆ ಒಂದು, ಬುದ್ಧಿಗೆ ಒಂದು, ಜನರ ಒಡನಾಟಕ್ಕೆ ಒಂದು.

ಇದು ಕಾಗದದ ಮೇಲೆಯೇ ಉಳಿಯಲಿಲ್ಲ. ಮಾಸ್ಕೋ ನಗರದ ಮನೆಯಲ್ಲಿ ಚಳಿಗಾಲದ ಮುಂಜಾವಿನಲ್ಲಿ ಎದ್ದು ಸೌದೆ ಸೀಳುವರು, ನೀರು ಸೇದಿ ತರುವರು, ತಮ್ಮ ಕೋಣೆಯನ್ನು ತಾವೇ ಗುಡಿಸುವರು. ಹಳ್ಳಿಗೆ ಬಂದರೆ ರೈತರೊಡನೆ ನೇಗಿಲು ಹಿಡಿಯುವರು, ಹುಲ್ಲು ಕೊಯ್ಯುವರು. ಚಮ್ಮಾರನೊಬ್ಬನನ್ನು ಮನೆಗೆ ಕರೆಸಿಕೊಂಡು, ಅವನಿಗೆ ಶಿಷ್ಯರಾಗಿ ಕುಳಿತು, ನೂಲಿಗೆ ಮೇಣ ಉಜ್ಜುವುದನ್ನೂ ಅಟ್ಟೆ ಹೊಲಿಯುವುದನ್ನೂ ಕಲಿತರು. ಕವಿಮಿತ್ರ ಫೆಟ್ ಎಂಬವರಿಗೆ 1885ರಲ್ಲಿ ಒಂದು ಜೊತೆ ಬೂಟು ಹೊಲಿದುಕೊಟ್ಟು 6 ರೂಬಲ್ ಕೂಲಿ ಪಡೆದರು. ಅಳಿಯನೊಬ್ಬನು ತನಗೆ ದೊರೆತ ಬೂಟುಗಳನ್ನು ತೊಡದೆ, ಮಾವನವರ 12 ಸಂಪುಟಗಳ ಪಕ್ಕದಲ್ಲಿ ಹದಿಮೂರನೆಯದಾಗಿ ಇರಿಸಿದನೆಂದು ಪ್ರಸಿದ್ಧಿಯಿದೆ. ಹೊಲಿಗೆ ಅಷ್ಟೇನೂ ಅಂದವಾಗಿರಲಿಲ್ಲವೆಂದು ತೋರುತ್ತದೆ!

ಪತ್ನಿ ಸೋಫಿಯಾ ಅವರಿಗೆ ಇದು ಹಿಡಿಸಲಿಲ್ಲ. ಇಂತಹ ಮೇಧಾಶಕ್ತಿ ಸೌದೆ ಸೀಳುವುದರಲ್ಲಿ, ಬೂಟು ಹೊಲಿಯುವುದರಲ್ಲಿ ವ್ಯರ್ಥವಾಗುತ್ತಿದೆಯೆಂದು 1884ರಲ್ಲಿ ಗಂಡನಿಗೆ ಕಾಗದ ಬರೆದು ನೊಂದುಕೊಂಡರು. ಆಕೆಯ ನೋವು ಸುಳ್ಳಲ್ಲ. ಗಂಡನು ಸರಳಜೀವನವನ್ನು ಅರಸಿ ಹೊರಟಾಗ ಮಕ್ಕಳ ಪಾಲನೆ, ಜಮೀನಿನ ಲೆಕ್ಕ, ಗ್ರಂಥಗಳ ಪ್ರಕಟಣೆ ಎಲ್ಲವೂ ಆಕೆಯ ಹೆಗಲಿಗೇ ಬಿದ್ದುವು. ಇದನ್ನು ಮರೆಮಾಚಿ ಟಾಲ್‌ಸ್ಟಾಯರನ್ನು ಕೊಂಡಾಡುವುದು ನ್ಯಾಯವಲ್ಲ. ಮನೆಯೊಳಗಿನ ಈ ಬಿರುಕು ಕೊನೆಯವರೆಗೂ ಕೂಡಲಿಲ್ಲ.

1887ರಲ್ಲಿ ಅವರು ಕುಡಿತದ ವಿರುದ್ಧ ಒಂದು ಒಪ್ಪಂದಪತ್ರವನ್ನು ಸಿದ್ಧಪಡಿಸಿ ಮೊದಲು ತಾವೇ ಸಹಿ ಮಾಡಿದರು. ತಾನು ಕುಡಿಯಬಾರದು, ಕೊಳ್ಳಬಾರದು, ಅತಿಥಿಗಳಿಗೂ ನೀಡಬಾರದು ಎಂಬುದು ಅದರ ಕಟ್ಟಳೆ. ಮೂರನೆಯದೇ ಗೃಹಸ್ಥನಿಗೆ ಅತಿ ಕಠಿಣವಾದುದು. 1890ರ ಪ್ರಬಂಧದಲ್ಲಿ ಇನ್ನೂ ಆಳಕ್ಕಿಳಿದು, ಜನರು ಕುಡಿಯುವುದು ರುಚಿಗಾಗಿಯೂ ಅಲ್ಲ, ಉಲ್ಲಾಸಕ್ಕಾಗಿಯೂ ಅಲ್ಲ, ಅಂತಸ್ಸಾಕ್ಷಿಯ ದನಿಯನ್ನು ತಮಗೆ ತಾವೇ ಅಡಗಿಸಿಕೊಳ್ಳುವುದಕ್ಕಾಗಿ ಎಂದು ವಾದಿಸಿದರು. ಹೊಗೆಸೊಪ್ಪಿಗೂ ಅದೇ ತೀರ್ಪು.

1895ರಲ್ಲಿ ಏಳು ವರ್ಷವೂ ತುಂಬದ ಕಿರಿಯ ಮಗ ವಾನಿಚ್ಕ ತೀರಿಕೊಂಡನು. ಆ ದುಃಖದ ವರ್ಷದಲ್ಲಿಯೇ, 66 ದಾಟಿದ ಟಾಲ್‌ಸ್ಟಾಯರು ಮಾಸ್ಕೋದಲ್ಲಿ ಬೈಸಿಕಲ್ ಸವಾರಿಯನ್ನು ಕಲಿತರು. ಮತ್ತೆ ಬಟ್ಟಲಿನ ಕಡೆಗೆ ತಿರುಗಲಿಲ್ಲ.

ಅವರು ತೀರಿಕೊಂಡದ್ದು 1910ರ ನವೆಂಬರಿನಲ್ಲಿ. ಅದೇ ವರ್ಷ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ಬಳಿ ಗಾಂಧೀಜಿಯೂ ಮಿತ್ರ ಕ್ಯಾಲೆನ್‌ಬಾಕ್ ಅವರೂ ಟಾಲ್‌ಸ್ಟಾಯ್ ಆಶ್ರಮವನ್ನು ಕಟ್ಟಿದ್ದರು. ಅಲ್ಲಿ ಮದ್ಯಕ್ಕೂ ಧೂಮಪಾನಕ್ಕೂ ಅವಕಾಶವಿರಲಿಲ್ಲ. ಕ್ಯಾಲೆನ್‌ಬಾಕ್ ಅವರು ಕ್ರೈಸ್ತ ಸಂನ್ಯಾಸಿಗಳ ಮಠದಲ್ಲಿ ಚಪ್ಪಲಿ ಮಾಡುವುದನ್ನು ಕಲಿತು ಬಂದರು; ಅವರಿಂದ ಗಾಂಧೀಜಿ ಕಲಿತರು; ಗಾಂಧೀಜಿಯಿಂದ ಆಶ್ರಮದ ಹುಡುಗರು ಕಲಿತರು.